ಮಂಚದಡಿಯ ಮೊಟ್ಟೆ

"ಮಂಚದ ಕೆಳಗಿರೋ ಮೊಟ್ಟೆ ಮುಟ್ಬೇಡ ಮಗಾ. ನಾಳೆ ನಾನೇ ತಗೊಂಡ್ಹೋಗಿ ಕವಲುದಾರೀಲಿ ಒಡೀತೀನಿ," ಎಂದಳು ವಸತಿಮನೆಯ ಒಡತಿ, ಮುದುಕಿ ಎರ್ಲಿಂಡಾ.

ಎವಾರಿಸ್ತೊ ನಕ್ಕ. "ಬಾಡಿಗೇಲಿ ತಿಂಡೀನೂ ಸೇರಿದೆ ಅಂದ್ರಲ್ಲ, ಇದೇನಾ ಅದು?"

ಗಡಿಪಟ್ಟಣ ಲಾರೆಡೊದಲ್ಲಿ ಒಳ್ಳೆಯ ಹೋಟೆಲುಗಳಿಗೆ ಬರವಿರಲಿಲ್ಲ. ಆದರೂ ಏಳು ತಿಂಗಳ ಬಸುರಿ ಎಲೋಯಿಸಾ ಹಟ ಹಿಡಿದು ಗಂಡನನ್ನು ಊರಾಚೆ, ನದಿಯಂಚಿನಲ್ಲಿ ಮಾಟ ತೆಗೆಯುವ ಮುದುಕಿಯ ಈ ಮನೆಗೆ ಎಳೆತಂದಿದ್ದಳು. ಮೂರು ಕೂಸುಗಳು ಹೊಟ್ಟೆಯಲ್ಲೇ ಹೋಗಿದ್ದವು. ನಾಲ್ಕನೆಯದು ಎರಡು ದಿನದಿಂದ ಮಿಸುಕಿರಲಿಲ್ಲ. ಎದೆಬಡಿತ ಸರಿಯಿದೆ ಎಂದಿದ್ದರು ಡಾಕ್ಟರು. ಮಹಾನಗರ ಡಾಲಸಿನಲ್ಲಿ ಬೆಳೆದ ಎವಾರಿಸ್ತೊಗೆ ಅಷ್ಟು ಸಾಕಾಗಿತ್ತು, ಅವಳಿಗೆ ಸಾಕಾಗಿರಲಿಲ್ಲ.

ಇಳಿಹೊತ್ತಿನಲ್ಲಿ ಮುದುಕಿ ಕಿಟಕಿ ಮುಚ್ಚಿ, ಧೂಪ ಹಾಕಿ, ಹಸಿ ಮೊಟ್ಟೆಯೊಂದನ್ನು ಬಸುರಿಯ ನೆತ್ತಿಯಿಂದ ಹೊಟ್ಟೆಯವರೆಗೆ ಮಣಮಣ ಮಂತ್ರ ಹೇಳುತ್ತ ಉಜ್ಜಿದ್ದಳು. ಉಜ್ಜಿದಂತೆಲ್ಲ ಮೊಟ್ಟೆ ಭಾರವಾಗುತ್ತ ಹೋಗಿತ್ತು. "ಯಾರೋ ಕೂಸಿಗೇ ಮಾಟ ಮಾಡ್ಸಿದಾರೆ. ಎಲ್ಲಾ ಇದಕ್ಕೆ ಬಂತು," ಎಂದು ಅದನ್ನು ನೀರಿನ ಲೋಟಕ್ಕೆ ಇಳಿಬಿಟ್ಟು ಮಂಚದಡಿಗೆ ಸರಿಸಿದ್ದಳು.

ಬೆಳಿಗ್ಗೆ ಎಲೋಯಿಸಾ ಹಸಿವು ಎಂದಳು, ಎಷ್ಟೋ ದಿನದ ಮೇಲೆ. ಎವಾರಿಸ್ತೊಗೆ ಹಿಗ್ಗೋ ಹಿಗ್ಗು. ಅಡುಗೆಮನೆಯಲ್ಲಿ ರೊಟ್ಟಿಯಿತ್ತು, ಖಾರ ಹಾಕಿದ ಹಂದಿಮಾಂಸವಿತ್ತು, ಮೊಟ್ಟೆ ಮಾತ್ರ ಒಂದೇ ಇತ್ತು. ಬಸುರಿಗೆ ಒಂದು ಮೊಟ್ಟೆ ಯಾವ ಮೂಲೆಗೆ? ಮಂಚದ ಕೆಳಗೆ ಬಗ್ಗಿದ. ಪಾಪ, ಪ್ರೀತಿಯಿಂದಲೇ ಬಗ್ಗಿದ. ಒಡೆದಾಗ ಹಳದಿ ಕೊಂಚ ಕಪ್ಪಗಿತ್ತು, ಮಾಂಸದ ಕೆಂಪೆಣ್ಣೆಯಲ್ಲಿ ಅದೂ ಮುಚ್ಚಿಹೋಯಿತು. ಬಾಣಲೆಯಿಂದ ಕೊಳೆತ ಕೆಸರಿನ ವಾಸನೆ ಬಂತು. ನದಿ ಹತ್ತಿರವಲ್ಲವೇ ಎಂದುಕೊಂಡ. ಎಲೋಯಿಸಾ ತಟ್ಟೆ ಒರೆಸಿ ತಿಂದಳು.

ಮುದುಕಿ ಬಂದು ಲೋಟ ಎತ್ತಿ ನೋಡಿದಳು.

"ಮೊಟ್ಟೆ ಎಲ್ಲಿ?"

"ತಿಂಡಿಗೆ ಆಯ್ತಮ್ಮಾ."

"ಯಾರು ತಿಂದ್ರು?"

ಅವನು ಗದ್ದ ಎತ್ತಿ ಹೆಂಡತಿಯತ್ತ ತೋರಿಸಿದ. ಮುದುಕಿ ಲೋಟವನ್ನು ನೆಲಕ್ಕಿಟ್ಟಳು. ದನಿ ತಗ್ಗಿಸಿ, "ತೆಗೆದಿದ್ದನ್ನ ವಾಪಸ್ ಹಾಕ್ಬಿಟ್ಯಲ್ಲೋ," ಎಂದಳು.

ಅವನ ನಗು ಆರಿತು. "ಇನ್ನೊಂದು ಮೊಟ್ಟೆ ತರ್ತೀನಿ. ಮತ್ತೆ ತೆಗೀರಿ."

"ಒಂದ್ಸಲಾನೇ ಅದು ಹೊರಗೆ ಬರೋದು. ಇನ್ನು ನನ್ ಕೈಲಿ ಏನೂ ಇಲ್ಲ."

ಕೋಣೆಯೊಳಗೆ ಅದೇ ಕೆಸರಿನ ವಾಸನೆ. ಆಮೇಲೆ ಸದ್ದು. ತಟ್. ತಟ್. ಅವನು ಬಾಗಿಲು ತೆರೆದ. ಯಾರೂ ಇಲ್ಲ. ಮಂಚದಡಿ ನೋಡಿದ. ಏನೂ ಇಲ್ಲ. ತಟ್. ತಟ್. ತಟ್.

"ಎವಾ, ಬಾ ಇಲ್ಲಿ," ಎಲೋಯಿಸಾ ಅಳುತ್ತ ನಗುತ್ತಿದ್ದಳು. "ಮಿಸುಕ್ತಾ ಇದೆ ಕಣೋ. ಕೈಯಿಟ್ಟು ನೋಡು."

ಅವನು ಕೈಯಿಟ್ಟ. ಅಂಗೈ ಕೆಳಗೆ ಚೂಪಾದದ್ದೊಂದು, ಒಂದೇ ಜಾಗದಲ್ಲಿ, ಬಿಡದೆ ಕುಕ್ಕುತ್ತಿತ್ತು. ಮರಿ ಚಿಪ್ಪೊಡೆಯುವಾಗ ಕುಕ್ಕುವ ಹಾಗೆ.

"ಕಾಲು ಅಲ್ವಾ ಇದು?" ಎಂದಳು.

"ಹೂಂ," ಎಂದ ಎವಾರಿಸ್ತೊ. "ಕಾಲು."