ನೀನು ಒಪ್ಪಿದರೆ ಮಾತ್ರ ಹಾರಾಟ

ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ನಿಂತಿತು.

ಬಾಗಿಲಲ್ಲಿ ನಿಂತವನನ್ನು ಕಂಡು ನೀಲಾಬಾಯಿಯ ಕೈ ಹಿಟ್ಟಿನ ಮೇಲೆಯೇ ಉಳಿಯಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಅಂಚು ಕಪ್ಪಾಗತೊಡಗಿದರೂ ಅವಳಿಗೆ ಅದರ ಪರಿವೆಯಿಲ್ಲ.

ಶಿವಶರಣಪ್ಪ! ಅವಳ ಗಂಡ. ಬಬಲೇಶ್ವರದ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಹೋದ ಚಳಿಗಾಲದಿಂದ ಅವನ ಮುಖವನ್ನೇ ಅವಳು ನೋಡಿರಲಿಲ್ಲ.

"ರೊಟ್ಟಿ ಹೊತ್ತಾಕತ್ತೈತಿ," ಎಂದ ಅವನು ಮೆಲ್ಲಗೆ.

"ಹೊತ್ತಲಿ!"

ಅವಳ ತಾಯಿ ರಾಚವ್ವ ಒಳಗಿನಿಂದ ಬಂದು ರೊಟ್ಟಿಯನ್ನು ಹಂಚಿನಿಂದ ತೆಗೆದಳು. "ನಿನ್ನ ಸಿಟ್ಟು ಜ್ವಾಳದ ಮ್ಯಾಲ ಯಾಕ ಬೇ? ಒಳಗ ಬರ್ರಿ ಅಳಿಯಂದ್ರ. ಟಿಕೋಟಾಕ್ಕ ಬಂದು ಹೊಸ್ತಿಲ ಕಾಯಾಕತ್ತೀರೇನು?"

ಅವನ ಹಿಂದೆ ಚಿತ್ರಕಲೆಯ ಮಾಸ್ತರ ನಿಜಾಮುದ್ದೀನ ಜೋಳದ ದಂಟಿನ ಕಟ್ಟು ಹೊತ್ತು ನಿಂತಿದ್ದ. "ನಾನೂ ಬರ್ಲೇನ್ರಿ ಅಕ್ಕೋರ, ಇಲ್ಲಾ ದಂಟು ತಂದೇನಂತ ದನದ ಕೊಟ್ಟಿಗ್ಯಾಗ ಕುಂದರ್ಲೋ?"

ರಾಚವ್ವ ನಕ್ಕಳು. ನೀಲಾಬಾಯಿ ನಗಲಿಲ್ಲ.

ಹೇಗೆ ನಗುವುದು? ಹೋದ ವರ್ಷ ಇಟ್ಟಂಗಿಹಾಳದ ಬಯಲಿನಲ್ಲಿ ಅವನೇ ಶಾಲಾಮಕ್ಕಳ ಗ್ಲೈಡರ್ ಸ್ಪರ್ಧೆ ನಡೆಸಿದ್ದ. ಎಂಜಿನ್ ಇಲ್ಲದೆ, ಗಾಳಿಯ ಮೇಲೆಯೇ ತೇಲುವ ಪುಟ್ಟ ವಿಮಾನಗಳು. ಮುಂಭಾಗಕ್ಕೆ ತೂಕ ಬರಲೆಂದು ಮಕ್ಕಳು ಮೂತಿಗೆ ಕಬ್ಬಿಣದ ಮೊಳೆ ಚುಚ್ಚಿದ್ದರು. ಗಾಳಿ ತಿರುಗಿ ಒಂದು ಗ್ಲೈಡರ್ ಸೀದಾ ಬಂದು ಮಗಳು ಅಕ್ಕನಾಗಮ್ಮನ ಹುಬ್ಬಿಗೆ ನಾಟಿತು. ಸ್ವಲ್ಪ ಕೆಳಗೆ ಬಿದ್ದಿದ್ದರೆ ಕಣ್ಣು...

ಟಾಂಗಾದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ದವಾಖಾನೆಗೆ ಓಡಿದವಳು ನೀಲಾಬಾಯಿ ಒಬ್ಬಳೇ. ಹೊಲಿಗೆ ಹಾಕುವಾಗ ಮಗು ಅಪ್ಪನನ್ನು ಕೂಗಿತು. ಅಪ್ಪ ಬರಲಿಲ್ಲ.

'ನಿಮ್ಮ ಮಾಸ್ತರ ಇನ್ನೂ ಬಯಲಾಗ ಅದಾರ. ಹುಡುಗರ ವಿಮಾನ ಹಿಡಕೊಂಡು ಕುಂತಾರ,' ಎಂದು ಯಾರೋ ಬಂದು ಹೇಳಿದ್ದರು.

ಆ ಒಂದು ಮಾತು ಸಾಕಾಯಿತು. ಮಗಳನ್ನು ಎತ್ತಿಕೊಂಡು ತವರಿನ ಬಸ್ಸು ಹತ್ತಿದಳು. ಇಲ್ಲಿಯೇ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಅವನು ಹುಡುಕಿಕೊಂಡು ಬಂದಾಗ ಅವಳು ಒಳಕೋಣೆಯಿಂದ ಹೊರಗೆ ಬರಲಿಲ್ಲ.

"ಈಗ ಯಾಕ ಬಂದ್ರಿ?" ಎಂದಳು.

"ಈ ವರ್ಷನೂ ಸ್ಪರ್ಧಾ ಮಾಡ್ರಿ ಅಂತ ಸಾಲಿಯವರೆಲ್ಲಾ ಗಂಟು ಬಿದ್ದಾರ. ನಾ ಒಂದ ಮಾತು ಹೇಳೇನಿ. ಹೊಸ ನಿಯಮ ನೀಲಾ ನೋಡಬೇಕು ಅಂತ. ನೀ ಒಪ್ಪಿದ್ರ ಮಾತ್ರ. ಒಪ್ಪದಿದ್ರ ಯಾವ ಹುಡುಗನ ವಿಮಾನನೂ ಹಾರೂದಿಲ್ಲ."

'ನಾನೇ ಏಕೆ?' ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಬಾಗಿಲ ಸಂದಿಯಿಂದ ಅಕ್ಕನಾಗಮ್ಮ ಇಣುಕಿದಳು. "ಅವ್ವಾ..."

"ಏನ?"

"ಏನಿಲ್ಲ."

ತಿಂಗಳುಗಟ್ಟಲೆ ಇದೇ ಆಟ. ಮಗಳ ತುಟಿಯ ತನಕ ಬಂದ ಪ್ರಶ್ನೆ ಮತ್ತೆ ಒಳಗೇ ಹೋಗುತ್ತಿತ್ತು. ಅದು ಯಾವ ಪ್ರಶ್ನೆ ಎಂದು ತಾಯಿಗೆ ಗೊತ್ತಿತ್ತು. ಉತ್ತರ ಗೊತ್ತಿರಲಿಲ್ಲ, ಅಷ್ಟೇ.

ನೀಲಾಬಾಯಿ ಕೈ ತೊಳೆದು ಬಂದು ಚಾಪೆಯ ತುದಿಯಲ್ಲಿ ಕುಳಿತಳು. "ಓದ್ರಿ."

"ಮೊದಲನೇದು. ಮೊಳಿ, ಸೂಜಿ, ತಂತಿ ಏನೂ ಇರಬಾರದು. ತೂಕಕ್ಕ ಹಸಿ ಮಣ್ಣು, ಮ್ಯಾಲ ಅರಿವಿ ಸುತ್ತಬೇಕು."

"ಗೆಲ್ಲೂ ಆಸೆಗೆ ಮಣ್ಣಿನೊಳಗ ಮೊಳಿ ಮುಚ್ಚಿಟ್ರ?"

ಅವನು ತಡವರಿಸಿದ. "ಅದು... ಹೊಳೀಲಿಲ್ಲ."

"ಮನ್ಯಾಗ ಹಚ್ಚಿಕೊಂಡು ಬರೂದು ಬ್ಯಾಡ. ಬಯಲಾಗ, ಎಲ್ಲರ ಮುಂದ ಹಚ್ಚಲಿ. ಮತ್ತ ಪ್ಯಾಟಿ ಹುಡುಗರು ಪುಣೆಯಿಂದ ಹಗೂರ ಕಟ್ಟಿಗಿ ತರಿಸ್ತಾರ. ಸಾರವಾಡದ ಹಳ್ಳಿ ಹುಡುಗಿ ಎಲ್ಲಿಂದ ತರಬೇಕು?"

"ಅದಕ್ಕ ದಂಟು ತಂದೇನಿ. ಕಾಗದ, ಅಂಟು ಸ್ಟೇಷನ್ ರಸ್ತೇದಾಗ ತಗೊಂಡೇನಿ. ಎಲ್ಲರಿಗೂ ಒಂದ ಸಾಮಾನು. ಅಲ್ಲೇ ಕುಂತು ಮಾಡಬೇಕು. ಅಪ್ಪ, ಅಣ್ಣ ಯಾರೂ ಕೈ ಹಚ್ಚಂಗಿಲ್ಲ."

"ದಂಟಿನ ಸಿಬರು ಬ್ಲೇಡಿನಂಗ ಕೈ ಕೊಯ್ತೈತಿ. ದೊಡ್ಡವರು ಸುಲಿದು ಒಳಗಿನ ಬೆಂಡು ಅಷ್ಟ ಕೊಡ್ರಿ."

ನಿಜಾಮುದ್ದೀನ ತನ್ನ ಬೆರಳು ತೋರಿಸಿದ. ಎರಡು ಕಡೆ ಚಿಂದಿ ಕಟ್ಟಿತ್ತು. "ಖರೇನ್ರಿ ಅಕ್ಕೋರ. ನಿಮ್ಮ ಯಜಮಾನ್ರು ಮಾಡಿದ ಪ್ರಯೋಗಾ ಇದು!"

ಮಾತು ಬೆಳೆಯಿತು. ಹೊತ್ತೇರಿದಂತೆ ಗಾಳಿ ಜೋರಾಗುತ್ತದೆ, ಕಡೆಗೆ ಹಾರಿಸುವವರಿಗೆ ಲಾಭ ಎಂದಳು. ಹಾಗಾದರೆ ಎರಡನೇ ಸುತ್ತಿನಲ್ಲಿ ಸಾಲನ್ನು ತಿರುವುಮುರುವು ಮಾಡೋಣ ಎಂದ. ಬಾವುಟ ಬೀಳುವ ತನಕ ಯಾರೂ ಕೈ ಎತ್ತಬಾರದು, ಗೆರೆಯ ಮುಂದೆ ಯಾರೂ ನಿಲ್ಲಬಾರದು ಎಂದಳು. ತಾನು ಯಾವಾಗ ಚಾಪೆಯ ತುದಿಯಿಂದ ಅವನ ಪಕ್ಕಕ್ಕೆ ಸರಿದೆನೆಂದು ಅವಳಿಗೇ ತಿಳಿಯಲಿಲ್ಲ. ಮದುವೆಯಾದ ಹೊಸತರಲ್ಲಿ ಹೀಗೆಯೇ ಕುಳಿತು ಇಬ್ಬರೂ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು...

ಥಟ್ಟನೆ ಎಚ್ಚರವಾಯಿತು.

"ಒಂದು ಉಳೀತು. ಗಾಯ ಆದ್ರ?"

ಅವನು ತಲೆ ತಗ್ಗಿಸಿದ.

"ಬರಕೋರಿ! ಗಾಯ ಆದ್ರ ಆಟ ಅಲ್ಲಿಗೇ ನಿಲ್ಲಬೇಕು. ಮಾಸ್ತರ ಮೊದಲ ಆ ಕೂಸಿನ ಕಡೆ ಓಡಬೇಕು. ವಿಮಾನ ಹಿಡಕೊಂಡು ಕುಂದರಬಾರದು!" ಅವಳು ಕಾಗದವನ್ನು ಅವನತ್ತ ತಳ್ಳಿದಳು.

"ಅಕ್ಕೋರ," ನಿಜಾಮುದ್ದೀನನ ನಗು ಮಾಯವಾಗಿತ್ತು. "ಆವತ್ತು ಆಟ ನಿಲ್ಸಿದವರು ಇವ್ರ. ನಿಮಗ ಯಾರೂ ಹೇಳಿಲ್ಲೇನು?"

"ನಿಜಾಮ, ಸುಮ್ನಿರು," ಎಂದ ಶಿವಶರಣಪ್ಪ.

"ಯಾಕ ಸುಮ್ನಿರ್ಲಿ? ನಿಮ್ಮ ಟಾಂಗಾ ಇನ್ನೂ ಹೊಂಟಿದ್ದಿಲ್ರಿ, ಹುಡುಗರು ಮತ್ತ ಸಾಲಾಗಿ ನಿಂತಿದ್ರು. ಎಲ್ಲಾ ಮೂತ್ಯಾಗೂ ಮೊಳಿ! ಇವ್ರು ಒಂದೊಂದ ಕಸಗೊಂಡು ಕೀಳಾಕತ್ರು. ಇಕ್ಕಳ ಸಿಗಲಿಲ್ಲ, ಹಲ್ಲಿಲೆ ಕಿತ್ರು. ಹುಡುಗರು ಅಳಾಕತ್ರು, ಅವರ ಅಪ್ಪಗಳು ಬೈಯಾಕತ್ರು. ಕಡೇ ಮೊಳಿ ಕಿತ್ತು ದವಾಖಾನಿಗೆ ಓಡಿದ್ರ... ನೀವು ಬಸ್ ಹತ್ತಿ ಬಿಟ್ಟಿದ್ರಿ. ಮುಂದಿನ ಹಲ್ಲು ಮುರದೈತಿ ನೋಡ್ರಿ. ನಗೂದ ಬಿಟ್ಟಾರ, ಅದಕ್ಕ ನಿಮಗ ಕಂಡಿಲ್ಲ."

ನೀಲಾಬಾಯಿ ಗಂಡನ ಮುಖ ನೋಡಿದಳು. ಅವನು ತುಟಿ ಬಿಗಿ ಹಿಡಿದಿದ್ದ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ.

'ಅಯ್ಯೋ... ಇಷ್ಟು ದಿನ!'

"ಯಾಕ ಹೇಳ್ಲಿಲ್ಲ?" ಎಂದಳು.

"ಮೊಳಿ ಚುಚ್ಚಾಕ ಕಲಿಸಿದವನೂ ನಾನ ಅಲ್ಲೇನು ನೀಲಾ? ಕಿತ್ತದ್ದನ್ನ ಹೇಳಿ ದೊಡ್ಡವ ಆಗ್ಲೇನು? ಕೂಸು ಕರದಾಗ ನಾ ಇರಲಿಲ್ಲ. ಅದು ಖರೇನ."

ನೀಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ನಿಯಮ ಹಂಗ ಬರೀಬ್ಯಾಡ್ರಿ," ಎಂದಳು. "ಇಬ್ರು ಇರಬೇಕು ಅಂತ ಬರೀರಿ. ಒಬ್ರು ಗಾಯ ಆದ ಕೂಸಿನ ಜೋಡಿ. ಒಬ್ರು ಉಳಿದ ಹುಡುಗರ ಜೋಡಿ. ಒಬ್ಬ ಮನುಷ್ಯಾ ಎರಡೂ ಕಡೆ ಇರಾಕ ಆಗೂದಿಲ್ಲ."

ಅವನ ಪೆನ್ನು ಕಾಗದದ ಮೇಲೆ ನಿಂತೇಬಿಟ್ಟಿತು.

"ಒಪ್ಪಿಗೇನು?"

"ಹೂಂ. ಬಾವುಟ ನಾ ಹಿಡೀತೀನಿ."

ಸ್ಪರ್ಧೆಯ ದಿನ ಇಟ್ಟಂಗಿಹಾಳದ ಬಯಲಿನಲ್ಲಿ ಗಾಳಿ ಹಿತವಾಗಿತ್ತು. ಮಕ್ಕಳು ಸಾಲಾಗಿ ಕುಳಿತು ಬೆಂಡಿಗೆ ಕಾಗದ ಅಂಟಿಸಿದರು, ಮೂತಿಗೆ ಮಣ್ಣು ಮೆತ್ತಿ ಬಟ್ಟೆ ಸುತ್ತಿದರು. ಟಿಕೋಟಾದ ಹೆಣ್ಣುಮಕ್ಕಳ ಸಾಲಿನಲ್ಲಿ ಅಕ್ಕನಾಗಮ್ಮನೂ ಇದ್ದಳು. ಹುಬ್ಬಿನ ಕಲೆಯ ಮೇಲೂ ಒಂದು ಮಣ್ಣಿನ ಬೊಟ್ಟು ಹತ್ತಿತ್ತು.

ಶಿವಶರಣಪ್ಪ ಹೆಂಡತಿಯ ಹತ್ತಿರ ಬಂದ. "ನೀಲಾ... ಟಿಕೋಟಾದ ಕಡೇ ಬಸ್ ಎಷ್ಟೊತ್ತಿಗೆ?"

"ಕೇಳಬೇಕಂತ ಬಂದದ್ದು ಅದನ್ನೇನು?"

"ಅಲ್ಲ."

"ಮತ್ತ?"

"ಹುಡುಗರಿಗೆ ನಿಯಮ ಮಾಡಾಕ ಬರ್ತೈತಿ. ಇದು ಬಾಯಿಗೆ ಬರವಲ್ದು."

ಅವಳು ಬಾವುಟದ ಕೋಲನ್ನು ಬೆರಳಲ್ಲಿ ತಿರುಗಿಸಿದಳು. "ನನಗೂ ಹಂಗ ಆಗೈತ್ರಿ. ನಾನಾಗೇ ಹೋದಾಕಿ. ಬರ್ತೀನಿ ಅಂತ ನಾನಾಗೇ ಹೆಂಗ ಅನ್ಲಿ?"

ಅವನು ನಕ್ಕುಬಿಟ್ಟ. ಮುರಿದ ಹಲ್ಲು ಕಂಡಿತು. ಎಷ್ಟು ದಿನವಾಗಿತ್ತು ಆ ನಗು ನೋಡಿ!

"ಮಾಸ್ತರ, ಹುಡುಗರು ಕಾಯಾಕತ್ತಾವ!" ನಿಜಾಮುದ್ದೀನ ದೂರದಿಂದ ಕೂಗಿದ. "ಸಂಸಾರದ ಸ್ಪರ್ಧಾ ಆಮ್ಯಾಲ ಇಟಗೋರಿ!"

ಸುತ್ತ ನಿಂತವರೆಲ್ಲ ನಕ್ಕರು. ಶಿವಶರಣಪ್ಪ ಕಿವಿ ಕೆಂಪಾಗಿಸಿಕೊಂಡು ಸಾಲಿನ ಮುಂದೆ ನಿಂತು ನಿಯಮಗಳನ್ನು ಓದಿದ. ಗೆರೆಯ ಬದಿಯಲ್ಲಿ ನೀಲಾಬಾಯಿ ಬಾವುಟ ಎತ್ತಿ ಹಿಡಿದಳು.

"ಹಾರಸೂ ಮೊದಲ, ಯಾರಿಗರ ಏನರ ಕೇಳೂದು ಐತೇನು?"

ಟಿಕೋಟಾದ ಸಾಲಿನಿಂದ ಒಂದು ಪುಟ್ಟ ಕೈ ಮೇಲೆದ್ದಿತು. ಮಣ್ಣು ಮೆತ್ತಿದ ಬೆರಳುಗಳು.

"ಕೇಳವ್ವಾ," ಎಂದ ಅವನು.

ಅಕ್ಕನಾಗಮ್ಮ ಎದ್ದು ನಿಂತಳು. ಒಮ್ಮೆ ತಾಯಿಯ ಕಡೆ ನೋಡಿದಳು. ಈ ಸಲ ತಾಯಿ ಕಣ್ಣು ತಪ್ಪಿಸಲಿಲ್ಲ. ಮೆಲ್ಲಗೆ ತಲೆಯಾಡಿಸಿದಳು.

"ಯಪ್ಪಾ, ಇದು ಮುಗದ ಮ್ಯಾಲ ಅವ್ವನ್ನೂ ನನ್ನೂ ನಮ್ಮ ಮನಿಗೆ ಕರ್ಕೊಂಡು ಹೋಗ್ತಿಯೇನು?"