ಕೊಳೆಯದ ಬಟ್ಟೆಯ ಗಂಟು

"ಅದನ್ನ ಮುಟ್ಟಬೇಡಿ!"

ಆ ಕೂಗು ಬರುವಷ್ಟರಲ್ಲಿ ಸೆನಾರಾಳ ಕತ್ತರಿ ತನ್ನ ಕೆಲಸ ಮುಗಿಸಿತ್ತು. ಕಿತ್ತಳೆ ಬಣ್ಣದ ಉದ್ದನೆಯ ಬಟ್ಟೆಪಟ್ಟಿ ಒರತೆಯ ಬಳಿಯ ಹರಕೆಯ ಮುಳ್ಳುಮರದ ಕೊಂಬೆಯಿಂದ ಜಾರಿ, ಕೆಳಗಿದ್ದ ಕಸದ ಚೀಲಕ್ಕೆ ಬಿತ್ತು.

ಅವಳು ಏಣಿಯ ಮೇಲಿಂದಲೇ ತಿರುಗಿ ನೋಡಿದಳು. ಜಿನುಗು ಮಳೆಯಲ್ಲಿ ತಲೆಗೆ ಏನೂ ಹಾಕಿಕೊಳ್ಳದ ಗಂಡಸೊಬ್ಬ ಕೆಸರು ಹಾದಿಯಲ್ಲಿ ಓಡಿ ಬರುತ್ತಿದ್ದ. ಬಂದವನೇ ಚೀಲಕ್ಕೆ ಕೈ ಹಾಕಿ, ಒದ್ದೆ ರಿಬ್ಬನ್ನುಗಳನ್ನೂ ಪ್ಲಾಸ್ಟಿಕ್ ಹೂಗಳನ್ನೂ ಬಗೆದು, ಆ ಪಟ್ಟಿಯನ್ನು ಹೊರಗೆಳೆದ.

ಅದನ್ನು ನೋಡಿದ ಮೇಲಾದರೂ ಅವಳು ಸುಮ್ಮನಿರಬಹುದಿತ್ತು. ಆದರೆ ನಮ್ಮ ಸೆನಾರಾಗೆ ನಿಯಮ ಅಂದರೆ ನಿಯಮ.

"ಅದು ನೈಲಾನು," ಅಂದಳು. "ಇಲ್ಲಿ ಹತ್ತಿ, ಉಣ್ಣೆ ಮಾತ್ರ ಕಟ್ಟಬೇಕು. ಬಟ್ಟೆ ಮಳೆಗೆ ಕೊಳೆತು ಉದುರಿದ ಹಾಗೆ ನಮ್ಮ ನೋವೂ ಉದುರಿ ಹೋಗುತ್ತೆ. ಇದು ಯಾವ ಕಾಲಕ್ಕೂ ಕೊಳೆಯಲ್ಲ. ಗಂಟು ಬೇರೆ ಬಿಚ್ಚೋಕೇ ಬರಲಿಲ್ಲ, ಅದಕ್ಕೇ ಕತ್ತರಿಸಿದೆ."

"ಕೊಳೆಯಬಾರದು ಅಂತಲೇ ಕಟ್ಟಿದ್ದೆ."

"ಮತ್ತೆ ನೋವು ಹೋಗೋದು ಹೇಗೆ?"

ಅವನು ಆಗ ತಲೆ ಎತ್ತಿದ. "ಹೋಗಲಿ ಅಂತ ನಿಮಗ್ಯಾರು ಹೇಳಿದ್ರು?"

ಅವನು ಪಟ್ಟಿಯನ್ನು ಎದೆ ಜೇಬಿಗೆ ತುರುಕಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದ.

'ಛೆ... ನಾನೇನು ಮಾಡಿಬಿಟ್ಟೆ...'

ಅವಳು ಏಣಿಯಿಂದಿಳಿದು ಒರತೆಯ ಪಕ್ಕದ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದಳು.

ಇಂಗ್ಲೆಂಡಿನ ಕಾರ್ನ್‌ವಾಲಿನ ಈ ಕೊನೆಯಲ್ಲಿ ನಮ್ಮಂಥ ಪೇಗನ್ ಜನ, ಅಂದರೆ ಕ್ರೈಸ್ತ ಧರ್ಮಕ್ಕೂ ಹಿಂದಿನ ನಂಬಿಕೆಯವರು, ಸಾಕಷ್ಟಿದ್ದೇವೆ. ಹೊರಗಿನವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಾವು ಮಾಡುವುದು ಹುಣ್ಣಿಮೆಗೆ ಕಿಟಕಿಯಲ್ಲೊಂದು ದೀಪ ಹಚ್ಚುವುದು, ಸುಗ್ಗಿಗೆ ಮೊದಲ ರೊಟ್ಟಿಯನ್ನು ಮಣ್ಣಿಗೆ ಕೊಡುವುದು, ಹಳೆಯ ದೇವತೆಗಳನ್ನು ನೆನೆಯುವುದು, ಆಮೇಲೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಕೂತು ಮುಂದಿನ ಹಬ್ಬಕ್ಕೆ ಕುರ್ಚಿ ಯಾರು ತರಬೇಕು ಅಂತ ಜಗಳ ಆಡುವುದು. ಗುಂಪಿನ ಹಿರಿಯಳು ಬೆರಿಲ್. ಮೊದಲು ಬಸ್ ಓಡಿಸುತ್ತಿದ್ದವಳು. ತಡವಾಗಿ ಬಂದ ಪ್ರಯಾಣಿಕರನ್ನು ಬೈಯುತ್ತಿದ್ದ ಹಾಗೆಯೇ ನಮ್ಮನ್ನೂ ಬೈಯುತ್ತಾಳೆ.

ಸೆನಾರಾ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನವರು ಅವಳನ್ನು ಮಾಟಗಾತಿ ಎಂದು ಕರೆದು, ಕೈಗೆ ಪೊರಕೆ ಕೊಟ್ಟು, ಇವತ್ತು ನಡೆದು ಬಂದೆಯೋ ಹಾರಿ ಬಂದೆಯೋ ಅಂತ ರೇಗಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಹೆತ್ತವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಎತ್ತಿಹಾಕಿಸಿಕೊಂಡು ಬೆಳೆದವಳು. ನಮ್ಮ ಗುಂಪು ಅವಳಿಗೆ ಮೊದಲ ಸಲ ಒಂದು ಜಾಗ ಕೊಟ್ಟಿತ್ತು. ಒಂದು ನಿಯಮ ತಪ್ಪಿದರೂ ಆ ಜಾಗ ಕೈ ಬಿಟ್ಟು ಹೋದೀತು ಎಂಬ ಹೆದರಿಕೆ ಅವಳೊಳಗೆ ಸದಾ ಇತ್ತು. ಬೆರಿಲ್‌ಗೂ ಅದನ್ನು ಹೇಳಿಕೊಂಡಿರಲಿಲ್ಲ.

ಮರುವಾರ ಅವಳು ತಾನೇ ಸುಟ್ಟ ರೊಟ್ಟಿ ಕಟ್ಟಿಕೊಂಡು ನ್ಯೂಲಿನ್ ಬಂದರಿಗೆ ಹೋದಳು. ಕಿತ್ತಳೆ ಪಟ್ಟಿ ಮೀನುಗಾರರ ಮಳೆಯಂಗಿಯದು ಎಂದು ಅಷ್ಟರಲ್ಲಿ ಹೊಳೆದಿತ್ತು. ಹುಡುಕುವುದು ಕಷ್ಟವಾಗಲಿಲ್ಲ. ಅವನು ಬಲೆಯ ರಾಶಿಯ ನಡುವೆ ಕೂತು ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ. ಹೆಸರು ಪಾಸ್ಕೊ.

ಅವಳು ತಪ್ಪಾಯಿತು ಎಂದಳು. ಅವನು ರೊಟ್ಟಿ ಮುರಿದು ತಿಂದು, ಉಪ್ಪು ಸ್ವಲ್ಪ ಕಡಿಮೆ ಎಂದ. ಶುರುವಾದದ್ದು ಹಾಗೆ.

ಸೆಪ್ಟೆಂಬರ್ ಪೂರ್ತಿ ಅವಳು ಕೆಲಸ ಮುಗಿಸಿ ಬಂದರಿನ ದಾರಿ ಹಿಡಿದಳು. ಆ ಪಟ್ಟಿಯ ಕಥೆಯನ್ನು ಅವನು ಹೇಳಿದ್ದು ಅಲ್ಲೇ: ಅವನ ತಮ್ಮ ಜೋರಿ ಹಿಂದಿನ ಚಳಿಗಾಲ ದೋಣಿಯಲ್ಲಿ ಹೋದವನು ವಾಪಸು ಬರಲಿಲ್ಲ. ದೋಣಿಯ ಹಲಗೆಗಳು ದಡಕ್ಕೆ ಬಂದವು, ಜೋರಿ ಬರಲಿಲ್ಲ. ಬಾಗಿಲ ಹಿಂದೆ ನೇತಾಡುತ್ತಿದ್ದ ಅವನ ಹಳೆಯ ಮಳೆಯಂಗಿಯ ಅಂಚು ಹರಿದು ಪಾಸ್ಕೊ ಮರಕ್ಕೆ ಕಟ್ಟಿದ್ದ. ನಂಬಿಕೆ ಗಿಂಬಿಕೆ ಏನಿಲ್ಲ, ಕಟ್ಟಬೇಕು ಅನ್ನಿಸಿತು, ಕಟ್ಟಿದೆ ಎಂದ.

ಒಮ್ಮೆ ನಮ್ಮಲ್ಲಿ ಒಂದು ಮದುವೆಯಾಯಿತು. ಗುಡ್ಡದ ಮೇಲೆ ಇಬ್ಬರ ಕೈಗಳನ್ನೂ ಸೇರಿಸಿ ದಾರ ಸುತ್ತಿ ಗಂಟು ಹಾಕುವುದು ನಮ್ಮ ಪದ್ಧತಿ. ಪಾಸ್ಕೊ ದೂರದಲ್ಲಿ ನಿಂತು ನೋಡಿದ್ದ.

"ಏನು ಗಂಟು ಅದು, ನಾಚಿಕೆ ಆಗಬೇಕು ನಿಮಗೆ," ಅಂದ ಆಮೇಲೆ. "ಜೋರಾಗಿ ಗಾಳಿ ಬಂದ್ರೆ ಮದುವೆನೇ ಬಿಚ್ಚಿಹೋಗುತ್ತೆ. ನನ್ನ ಕರೀಬಾರದಿತ್ತಾ?"

"ಮುಂದಿನ ಮದುವೆಗೆ ಕರೀತೀನಿ."

"ಯಾರದು?"

ಅವಳ ಮುಖ ಕೆಂಪಗಾಯಿತು. ಅವನು ನಗುತ್ತಾ ಬಲೆಗೆ ಬಗ್ಗಿದ. ಅಂದು ಮನೆಗೆ ಬಂದು ಅವಳು ಚಹಾಗೆ ಎರಡು ಸಲ ಸಕ್ಕರೆ ಹಾಕಿದಳು.

ಇನ್ನೊಂದು ಸಂಜೆ, ದಾರ ಕಡಿಯುತ್ತಾ, ಪಾಸ್ಕೊ ಯಾವ ಪೀಠಿಕೆಯೂ ಇಲ್ಲದೆ ಹೇಳಿದ. "ಅಮ್ಮ ಇವತ್ತಿಗೂ ಊಟಕ್ಕೆ ಜೋರಿ ತಟ್ಟೆ ಇಡ್ತಾಳೆ."

ಸೆನಾರಾಳ ಕಣ್ಣು ತುಂಬಿ ಬಂತು. ಅವನ ಅಮ್ಮ ಅರ್ಸುಲಾ ಭಾನುವಾರ ತಪ್ಪದೆ ಚಾಪೆಲಿನ ಪ್ರಾರ್ಥನೆಗೆ ಹೋಗುವ ಕ್ರೈಸ್ತಳು. ಅಂಥ ಮನೆಯಲ್ಲೂ ಸತ್ತವರಿಗೆ ತಟ್ಟೆ ಇಡುತ್ತಾರೆಯೇ... ನಮ್ಮ ಹಾಗೆಯೇ! ಎಷ್ಟು ಹತ್ತಿರದವರು ಇವರು, ಅಂದುಕೊಂಡಳು. ಏಕೆ ಇಡುತ್ತಾಳೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಅಕ್ಟೋಬರ್ ಕೊನೆಗೆ ನಮ್ಮ ಸವಿನ್ ಹಬ್ಬ. ಕತ್ತಲ ಕಾಲ ಶುರುವಾಗುವ ದಿನ, ಸತ್ತವರು ಮನೆಗೆ ಬರುವ ದಿನ. ಬೆರಿಲ್ ಮನೆಯಲ್ಲಿ ಎಲ್ಲರೂ ಸೇರಿ ಮೌನದ ಊಟ ಮಾಡುತ್ತೇವೆ. ಗಂಟೆ ಬಾರಿಸಿದ ಮೇಲೆ ಮತ್ತೆ ಬಾರಿಸುವವರೆಗೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಹೋದವರಿಗೂ ತಟ್ಟೆ ಇಟ್ಟು, ಕಲ್ಲಿನ ಬಿಲ್ಲೆಯ ಮೇಲೆ ಸೀಮೆಸುಣ್ಣದಲ್ಲಿ ಅವರವರ ಹೆಸರು ಬರೆಯುತ್ತೇವೆ.

ಸೆನಾರಾ ಪಾಸ್ಕೊನನ್ನು ಕರೆದಳು. ಬೇರೇನೂ ಹೇಳಲಿಲ್ಲ. ಅವನಿಗೆ ಗೊತ್ತಾಗದ ಹಾಗೆ ಮಾಡಬೇಕು, ನೋಡಿದಾಗ ಅವನ ಮನಸ್ಸು ತಣ್ಣಗಾಗಬೇಕು ಎಂಬುದು ಅವಳ ಆಸೆ.

ಅವನು ಬಂದಾಗ ಗಂಟೆ ಬಾರಿಸಿಯಾಗಿತ್ತು. ತಲೆ ಬಾಚಿಕೊಂಡು, ಒಗೆದ ಸ್ವೆಟರ್ ತೊಟ್ಟಿದ್ದ. ಅವಳು ತೋರಿಸಿದ ಕುರ್ಚಿಯಲ್ಲಿ ಕೂತು, ಎದುರಿನ ಖಾಲಿ ಕುರ್ಚಿಯ ಮುಂದಿದ್ದ ತಟ್ಟೆ ನೋಡಿದ. ಹುರಿದ ಬಂಗುಡೆ ಮೀನು, ಆಲೂಗಡ್ಡೆ. ಪಕ್ಕದಲ್ಲಿ ಮೇಣದ ಬತ್ತಿ. ಕಲ್ಲಿನ ಮೇಲೆ, ಜೋರಿ.

ಪಾಸ್ಕೊ ಮೆಲ್ಲಗೆ ಕೈ ಚಾಚಿ ಕಲ್ಲನ್ನು ಎತ್ತಿಕೊಂಡ. ಸ್ವೆಟರಿನ ತೋಳಿನಿಂದ ಹೆಸರನ್ನು ಒರೆಸಿದ. ಬರಿಗಲ್ಲನ್ನು ಇದ್ದ ಜಾಗದಲ್ಲೇ ಇಟ್ಟು ಎದ್ದ.

'ಪಾಸ್ಕೊ... ಹೋಗಬೇಡ...' ಅವಳ ಗಂಟಲ ತನಕ ಬಂತು. ಸುತ್ತ ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಬೆರಿಲ್ ಕೂಡ. ಸೆನಾರಾ ಮೇಜಿನ ಅಂಚನ್ನು ಹಿಡಿದುಕೊಂಡಳು. ತುಟಿ ಬಿಚ್ಚಲಿಲ್ಲ. ಹೊರಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಎರಡನೆಯ ಗಂಟೆ ಆದ ಕೂಡಲೇ ಅವಳು ಕೋಟು ಕೂಡ ಹಾಕಿಕೊಳ್ಳದೆ ಓಡಿದಳು. ಅವನು ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ.

"ನಮ್ಮಮ್ಮ ತಟ್ಟೆ ಇಡೋದು ಸತ್ತವನಿಗಲ್ಲ, ಸೆನಾರಾ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸ. "ತಡವಾಗಿ ಬರೋ ಮಗನಿಗೆ. ಒಲೆ ಮೇಲೆ ಬಿಸಿಯಾಗಿ ಇಟ್ಕೊಂಡು ಕಾಯ್ತಾಳೆ."

"ನನಗೆ... ನಾನಂದುಕೊಂಡೆ..."

"ಅದನ್ನ ಹೇಗೋ ನುಂಗಿಕೊಳ್ತಿದ್ದೆ. ಆದ್ರೆ ನಾನು ಎದ್ದು ಹೊರಟೆ. ಬಾಗಿಲ ಹತ್ರ ನಿಂತೆ ಕೂಡ. ನೀನು ಒಂದೇ ಒಂದು ಸಲ ಹೆಸರು ಹಿಡಿದು ಕರೀಲಿಲ್ಲ."

"ಮಾತಾಡೋ ಹಾಗಿರಲಿಲ್ಲ, ಪಾಸ್ಕೊ."

"ಹೌದು," ಅಂದ. "ನಿಯಮ."

ಅವನು ಒಳಗೆ ಹೋದ. ಅವಳು ಬೀದಿಯ ದೀಪದ ಕೆಳಗೆ ನಿಂತೇ ಇದ್ದಳು.

ನವೆಂಬರ್ ಬಂತು. ಮಧ್ಯಾಹ್ನವೇ ಬೆಳಕು ಸಾಯುವ ತಿಂಗಳು. ಸೆನಾರಾ ಕೆಲಸಕ್ಕೆ ಹೋದಳು, ಬಂದಳು, ಮಲಗಿದಳು. ಬಂದರಿನ ದಾರಿ ಬಿಟ್ಟಳು. ಹುಣ್ಣಿಮೆಗೆ ದೀಪ ಹಚ್ಚಲಿಲ್ಲ, ಪಬ್ಬಿನ ಕೋಣೆಗೂ ಬರಲಿಲ್ಲ. ಪೊರಕೆ ಕೊಟ್ಟು ರೇಗಿಸುತ್ತಿದ್ದವರೇ ಅವಳ ಮುಖ ನೋಡಿ ಸುಮ್ಮನಾದರು. ಕಡೆಗೆ ಬೆರಿಲ್ ಸೂಪಿನ ಡಬ್ಬಿ ಹಿಡಿದು ಅವಳ ಮನೆಗೆ ಹೋಗಿ ಬಾಗಿಲು ಬಡಿದಳು. ಎಲ್ಲವನ್ನೂ ಕೇಳಿಸಿಕೊಂಡು, ಬೈದಳು.

"ಆ ಮೌನ ಹೋದವರಿಗೆ ಕೊಡೋ ಮರ್ಯಾದೆ ಕಣೇ ಹುಚ್ಚಿ. ಬದುಕಿರೋನು ಎದ್ದು ಹೋಗ್ತಿದ್ರೆ ಬಾಯಿ ಹೊಲ್ಕೊಂಡು ಕೂತ್ಕೋ ಅಂತ ಯಾರು ಹೇಳಿದ್ರು ನಿಂಗೆ?"

"ನನ್ನನ್ನ ಗುಂಪಿಂದ ತೆಗೀತೀರಿ ಅಂತ ಹೆದರಿಕೆ ಆಯ್ತು," ಅಂದಳು ಸೆನಾರಾ.

ಬೆರಿಲ್ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, ನಾನಾದರೂ ಅವನನ್ನು ಕೂಗಬೇಕಿತ್ತು ಎಂದು ತನ್ನನ್ನೂ ಬೈದುಕೊಂಡಳು. ಆ ಸಂಜೆ ಸೆನಾರಾ ಮನಸಾರೆ ಅತ್ತಳು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ವೃದ್ಧಾಶ್ರಮದ ಅಡುಗೆಮನೆಯ ಹಿಂಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕಪ್ಪು ಕೋಟು, ತಲೆಗೆ ಕಟ್ಟಿದ ವಸ್ತ್ರ, ಪಾಸ್ಕೊನದೇ ಬೂದು ಕಣ್ಣು.

"ನನ್ನ ಮಗನಿಗೆ ತಟ್ಟೆ ಇಟ್ಟ ಹುಡುಗಿ ನೀನೇನಾ?"

ಸೆನಾರಾಳ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ಜಾರಿತು. ಹೌದು ಎಂದು ತಲೆಯಾಡಿಸಿದಳು.

"ಏನು ಬಡಿಸಿದ್ದೆ?"

"ಬಂಗುಡೆ ಮೀನು... ಹುರಿದಿದ್ದೆ."

ಅರ್ಸುಲಾಳ ತುಟಿ ಒಂದು ಕಡೆಗೆ ಸೊಟ್ಟಗಾಯಿತು. "ಅವನು ಮೀನು ತಿಂತಿರಲಿಲ್ಲಮ್ಮ. ದಿನವಿಡೀ ಮೀನು ಹಿಡಿಯೋನು, ಮನೆಗೆ ಬಂದು ವಾಸನೆಗೇ ಮುಖ ತಿರುಗಿಸ್ತಿದ್ದ."

ಅಷ್ಟು ಹೇಳಿ ಅವಳು ನಕ್ಕಳು. ನಗುತ್ತಿದ್ದಂತೆಯೇ ಕಣ್ಣಲ್ಲಿ ನೀರು ಸುರಿಯತೊಡಗಿತು. ಸೆನಾರಾ ಕುರ್ಚಿ ಎಳೆದು ಕೂರಿಸಿದಳು.

"ನೀವು ಆ ಊಟಾನ ಆಮೇಲೆ ಏನು ಮಾಡ್ತೀರಿ?" ಕೇಳಿದಳು ಅರ್ಸುಲಾ.

"ಹೊರಗೆ ಮರದ ಕೆಳಗೆ ಇಡ್ತೀವಿ. ಬೆಳಗಾಗೋದ್ರಲ್ಲಿ ನರಿ ಬಂದು ತಿಂದಿರುತ್ತೆ."

"ಯಾರಾದ್ರೂ ತಿಂತಾರಲ್ಲ..." ಅವಳು ವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡಳು. "ನಾನು ದಿನಾ ತೊಟ್ಟಿಗೆ ಹಾಕ್ತೀನಿ. ಬಿಸಿ ಮಾಡೋದು, ತಣ್ಣಗಾಗೋದು, ತೊಟ್ಟಿಗೆ ಹಾಕೋದು. ನನಗೆ ಗೊತ್ತು ಮಗಳೇ. ಬಹಳ ದಿನದಿಂದಾನೇ ಗೊತ್ತು. ನಿಲ್ಲಿಸೋದು ಹೇಗೆ ಅಂತ ಮಾತ್ರ ಗೊತ್ತಿಲ್ಲ."

ವರ್ಷದ ಅತಿ ಉದ್ದದ ರಾತ್ರಿಯ ಹಿಂದಿನ ಸಂಜೆ ಮನೆಗೆ ಬಾ ಎಂದು ಕರೆದಳು. ಚಾಪೆಲಿನವರಿಗೆ ಹೇಳಬೇಡ ಎಂದೂ ಸೇರಿಸಿದಳು. ಪಾಸ್ಕೊಗೆ ಗೊತ್ತಾ ಎಂದು ಸೆನಾರಾ ಕೇಳಿದ್ದಕ್ಕೆ ಅವಳು ಉತ್ತರ ಕೊಡಲಿಲ್ಲ.

ಆ ಸಂಜೆ ಅರ್ಸುಲಾಳ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ತಟ್ಟೆಗಳಿದ್ದವು. ಒಲೆಯಿಂದ ತೆಗೆದ ಪೇಸ್ಟಿಗಳು, ಕಡುಬಿನಂತೆ ಮಡಿಸಿದ ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ, ಗೆಡ್ಡೆ. ಯಾರದು ಯಾವುದು ಎಂದು ತಿಳಿಯಲು ನಮ್ಮೂರಲ್ಲಿ ಪೇಸ್ಟಿಯ ಮೂಲೆಯಲ್ಲಿ ಹಿಟ್ಟಿನಿಂದಲೇ ಹೆಸರಿನ ಮೊದಲ ಅಕ್ಷರ ಅಂಟಿಸುತ್ತಾರೆ. ಸೆನಾರಾ ತನ್ನ ತಟ್ಟೆಯಲ್ಲಿ ತನ್ನ ಅಕ್ಷರ ಕಂಡಳು. ಅವಳ ಹೆಸರು ಹಾಕಿ ಯಾರೂ ಇದುವರೆಗೆ ಏನನ್ನೂ ಸುಟ್ಟಿರಲಿಲ್ಲ. ಕಿಟಕಿ ಪಕ್ಕದ ತಟ್ಟೆಯಲ್ಲಿ ಜೋರಿಯ ಅಕ್ಷರ, ಬದಿಗೆ ಹಚ್ಚಿಟ್ಟ ಮೇಣದ ಬತ್ತಿ.

ಅರ್ಸುಲಾ ಚಮಚದಿಂದ ಲೋಟಕ್ಕೆ ಒಮ್ಮೆ ತಟ್ಟಿದಳು. ಮೌನ ಶುರುವಾಯಿತು.

ಅದೇ ಹೊತ್ತಿಗೆ ಪಾಸ್ಕೊ ಒಳಗೆ ಬಂದ. ಸೆನಾರಾಳನ್ನು ನೋಡಿದ, ಅಮ್ಮನನ್ನು ನೋಡಿದ, ಕಿಟಕಿ ಪಕ್ಕದ ತಟ್ಟೆಯ ಅಕ್ಷರವನ್ನು ನೋಡಿದ. ಅದು ಅಮ್ಮನ ಕೈಯದೇ. ಅವನು ಕೂತ. ಬಹಳ ಹೊತ್ತು ಪೇಸ್ಟಿಯನ್ನು ಮುಟ್ಟಲಿಲ್ಲ. ಆಮೇಲೆ ಸಣ್ಣ ಚೂರು ಮುರಿದು ಬಾಯಿಗಿಟ್ಟ. ಅಮ್ಮ ಸದ್ದಿಲ್ಲದೆ ಅಳುತ್ತಲೇ ತಿನ್ನುತ್ತಿದ್ದಳು.

ಆಗ ಪಾಸ್ಕೊ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಬಾಗಿಲ ಕಡೆ ಹೆಜ್ಜೆ ಹಾಕಿದ.

"ಪಾಸ್ಕೊ, ಹೋಗಬೇಡ!"

ಸೆನಾರಾಳ ದನಿ ಅವಳಿಗೇ ಅಪರಿಚಿತವಾಗಿತ್ತು. ಎದ್ದು ನಿಂತಿದ್ದಳು. "ಹೋಗಬೇಡ. ಅವತ್ತೇ ಕರೀಬೇಕಿತ್ತು. ನಿನ್ನ ಕಳ್ಕೊಂಡು ನಿಯಮ ಇಟ್ಕೊಂಡು ಏನು ಮಾಡಲಿ ನಾನು? ನನಗೆ ನೀನು ಬೇಕು."

ಪಾಸ್ಕೊ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದ.

"ಗಾಳಿ ಬರ್ತಿತ್ತು," ಅಂದ ಮೆಲ್ಲಗೆ. "ಜೋರಿ ಮೇಣದ ಬತ್ತಿ ಆರಿಹೋಗುತ್ತೆ ಅಂತ ಬಾಗಿಲು ಹಾಕೋಕೆ ಎದ್ದೆ."

ಸೆನಾರಾ ಕುರ್ಚಿಯಲ್ಲಿ ಕುಸಿದಳು. ನಾಚಿಕೆಯೋ ಸಂಕಟವೋ, ಮುಖ ಮುಚ್ಚಿಕೊಂಡಳು. ಅರ್ಸುಲಾ ಅವಳ ಬೆನ್ನು ಸವರಿ, ಕಿಟಕಿ ಪಕ್ಕದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ನರಿಗೆ ಹಸಿವಾಗಿರುತ್ತೆ ಎಂದು ಹೇಳಿ, ಹಿತ್ತಲಿಗೆ ಹೋದಳು. ಆ ಮನೆಯ ತಟ್ಟೆ ಅಂದು ತೊಟ್ಟಿಗೆ ಬೀಳಲಿಲ್ಲ.

ಪಾಸ್ಕೊ ಸೆನಾರಾಳ ಪಕ್ಕದ ಕುರ್ಚಿಗೆ ಬಂದ. ಎದೆ ಜೇಬಿನಿಂದ ಆ ಕಿತ್ತಳೆ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟ.

"ಇದನ್ನ ಎಸೆಯೋಕೆ ನನ್ನಿಂದ ಆಗಲ್ಲ, ಸೆನಾರಾ."

"ಎಸೀಬೇಡ."

"ಮರಕ್ಕೂ ಆಗಲ್ಲ. ಕೊಳೆಯದ ಬಟ್ಟೆ ನಿಮ್ಮಲ್ಲಿ ಎಲ್ಲೂ ನಡೆಯಲ್ವಾ?"

ಅವಳು ಕಣ್ಣೊರೆಸಿಕೊಂಡಳು. "ಒಂದು ಕಡೆ ನಡೆಯುತ್ತೆ," ಅಂದು ತನ್ನ ಕೈಯನ್ನು ಮೇಜಿನ ಮೇಲೆ ಚಾಚಿದಳು.

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ತನ್ನ ಕೈಯನ್ನು ಅವಳ ಕೈಯೊಳಗಿಟ್ಟು, ಇನ್ನೊಂದು ಕೈಯಿಂದ ಪಟ್ಟಿಯನ್ನು ಸುತ್ತತೊಡಗಿದ. ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದನ್ನು ಅವನು ಎಳೆದ. ಹಿತ್ತಲಲ್ಲಿ ಅರ್ಸುಲಾ ಕತ್ತಲಿನ ಕಡೆಗೆ ಮೆಲ್ಲಗೆ ಏನೋ ಹೇಳುತ್ತಿದ್ದಳು, ಮಗನ ಹೆಸರಷ್ಟೇ ಕೇಳಿಸಿತು.

"ನನ್ನ ಗಂಟು ಬಿಚ್ಚೋಕೆ ಬರಲ್ಲ, ಗೊತ್ತಲ್ಲ?" ಅಂದ ಅವನು.

"ಗೊತ್ತು."

"ಕತ್ತರಿ ತಂದಿಲ್ಲ ತಾನೇ?"

"ಇಲ್ಲ," ಅಂದಳು ಸೆನಾರಾ. "ತಂದಿಲ್ಲ."