ಗಡಿಯಮ್ಮನ ವೀಕ್‌ನೆಸ್

“ನಿನ್ನ ಸೆಕ್ಟರಿಗೆ ಜ್ವರ ಬಂತು! ಮೂವತ್ತು ಮಂದಿ ಸತ್ರು!” ರೇವತಿ ಡೈಸ್ ಎತ್ತಿಕೊಂಡಳು.

“ಯಾರೂ ಸಾಯಲ್ಲ. ನನ್ ಹತ್ರ ಹೊಸ ಶಕ್ತಿ ಇದೆ” ಎಂದು ಶ್ವೇತ ಒಂದು ಕಾರ್ಡ್ ಇಟ್ಟಳು.

ಆಟ ಅವರಿಬ್ಬರೇ ಕಟ್ಟಿದ್ದು. ಅದರಲ್ಲಿ ಈಗ 2090ನೇ ಇಸವಿ. ಕೆರೆಗಳೆಲ್ಲ ಬತ್ತಿವೆ. ಹಲಸೂರು, ಇಂದಿರಾನಗರ, ಕೆ.ಆರ್. ಪುರ ಎಲ್ಲವೂ ಎತ್ತರದ ಗೋಡೆ ಹಾಕಿಕೊಂಡು ಬೇರೆ ಬೇರೆ ಸೆಕ್ಟರ್ ಆಗಿವೆ. ಒಂದೊಂದನ್ನೂ ಒಂದೊಂದು ಶಕ್ತಿ ಕಾಯುತ್ತದೆ. ಹಳೇ ಮದುವೆ ಕಾರ್ಡುಗಳ ಹಿಂದೆ ಅವುಗಳ ಚಿತ್ರ, ಪವರ್, ವೀಕ್‌ನೆಸ್ ಬರೆಯಬೇಕು. ಬಣ್ಣ ತುಂಬುವುದು ರೇವತಿಯ ತಮ್ಮ, ನಾಲ್ಕು ವರ್ಷದ ರಾಮುವಿನ ಕೆಲಸ. ಅವನೋ, ಎಲ್ಲರಿಗೂ ಕೆಂಪು ಮೀಸೆ ಬರೆದುಬಿಡುತ್ತಿದ್ದ. ದೇವಿಯರನ್ನೂ ಬಿಡುತ್ತಿರಲಿಲ್ಲ!

ಶ್ವೇತಳ ಹೊಸ ಶಕ್ತಿಯ ಹೆಸರು ಗಡಿಯಮ್ಮ. ಅಜ್ಜಿ ರಾಮಲಕ್ಷ್ಮಮ್ಮ ಹೇಳಿದ ಕತೆಯಿಂದ ಹುಟ್ಟಿದವಳು. ಹಿಂದೆ ಊರಿಗೆ ರೋಗ ಬಂದರೆ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬೇವಿನಸೊಪ್ಪು ಇಟ್ಟು, ‘ಹೋಗಿ ಬಾ ತಾಯಿ’ ಎಂದು ಗಡಿಯಾಚೆ ಬಿಟ್ಟು ಬರುತ್ತಿದ್ದರಂತೆ. ಬರುವಾಗ ತಿರುಗಿ ನೋಡಬಾರದಂತೆ.

“ಇವಳು ರೋಗಾನ ಗಡಿ ಆಚೆ ಬಿಟ್ಟು ಬರ್ತಾಳೆ. ಫುಲ್ ಪವರ್!”

“ಆಚಿ ಕಡೆ ಯಾರಿರ್ತಾರ?”

“ಯಾರೂ ಇಲ್ಲ. ಗಡಿ ಅಷ್ಟೆ.”

“ನಮ್ಮೂರಾಗೂ ಹಿಂಗ ಮಾಡ್ತಾರ. ಗಡಿ ಆಚಿಗೆ ನಮ್ಮ ದೊಡ್ಡವ್ವನ ಊರು ಅದ” ಎಂದಳು ರೇವತಿ. ಅವಳು ಯಾದಗಿರಿ ಕಡೆಯವಳು. ಶ್ವೇತಳ ಮನೆ ಹಿಂದಿನ ಬಾಡಿಗೆ ರೂಮಿನಲ್ಲಿ ಇದ್ದಾಳೆ. “ವೀಕ್‌ನೆಸ್ ಬರೀದೆ ಆಡಂಗಿಲ್ಲ.”

“ಇವಳಿಗೆ ವೀಕ್‌ನೆಸ್ಸೇ ಇಲ್ಲ ಗುರು!” ಆ ಜಾಗ ಖಾಲಿ ಉಳಿಯಿತು. “ರಾಮು ಎಲ್ಲಿ? ಮೀಸೆ ಬರೀಬೇಕಲ್ಲ.”

ರೇವತಿ ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು. “ಅವಂಗ ಅಮ್ಮ ಬಂದಾಳ, ಚಿಕನ್ ಪಾಕ್ಸ್. ಮೈತುಂಬ ಗುಳ್ಳಿ. ನಿಮ್ಮಜ್ಜಿಗೆ ಹೇಳಬ್ಯಾಡ. ಆಣಿ ಮಾಡು.”

ಶ್ವೇತ ಆಣೆ ಮಾಡಿದಳು.

ಸಂಜೆ ತೊಟ್ಟಿಲಿನಿಂದ ಪುಟ್ಟ ತಂಗಿಯನ್ನು ಎತ್ತಿಕೊಳ್ಳಲು ಹೋದವಳು ಹಾಗೇ ನಿಂತುಬಿಟ್ಟಳು. ಯಾಕೋ ಕೈ ತುರಿಸಿದಂತಾಯಿತು. ಭಯವಾಯಿತು.

“ಅಜ್ಜಿ, ನಂಗೂ ಅಮ್ಮ ಬರುತ್ತಾ?”

“ನಿಂಗೂ ಅಂದ್ರೆ? ಇನ್ಯಾರಿಗೆ ಬಂದಿದೆ?”

ಅಜ್ಜಿ ಬಿಡುತ್ತಾರೆಯೇ! ಶ್ವೇತಳ ಆಣೆ ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ಅಜ್ಜಿ ಹಿಂದಿನ ರೂಮಿನ ಮುಂದೆ, ದೂರದಲ್ಲೇ ನಿಂತಿದ್ದರು. “ಅಯ್ಯಮ್ಮಾ, ಮನೇಲಿ ಎರಡು ತಿಂಗಳ ಕೂಸಿದೆ. ಹುಷಾರಾಗೋ ತನಕ ಮಗೂನ ಬೇರೆ ಎಲ್ಲಾದ್ರೂ ಇಟ್ಕೊಳ್ಳಮ್ಮ.”

“ಮೈ ಸುಡ್ಲಾಕತ್ತದ್ರಿ ಯಮ್ಮಾ. ಎರಡು ದಿನ ಬಿಡ್ರಿ.” ರೇವತಿಯ ತಾಯಿ ಅಯ್ಯಮ್ಮ ಕೈ ಮುಗಿದರು.

“ಕೂಸಿಗೆ ಬಂದ್ರೆ ನಾನೇನ್ ಮಾಡ್ಲಿ?” ಅಜ್ಜಿಯೂ ಕೈ ಮುಗಿದರು.

“ಬಾಗಿಲು ಹಾಕ್ಕೊಂಡು ಒಳಗೇ ಇರ್ತಾರೆ ಅಜ್ಜಿ. ಪ್ಲೀಸ್!” ಶ್ವೇತ ಅಜ್ಜಿಯ ಸೆರಗು ಜಗ್ಗಿದಳು.

“ನಿಂಗೆ ಗೊತ್ತಾಗಲ್ಲ. ಸುಮ್ನಿರು.”

ಅಜ್ಜಿ ಕೆಟ್ಟವರೇನಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಾಳೆಹಣ್ಣು ಇಟ್ಟು ತಂದರು. ಮೇಲೆ ಒಂದು ಹಿಡಿ ಬೇವಿನಸೊಪ್ಪು. “ಹೋಗಿ ಬಾ ತಾಯಿ” ಎಂದರು.

ಶ್ವೇತ ಆ ಮೊರವನ್ನೇ ನೋಡಿದಳು.

ಅಯ್ಯಮ್ಮ ರಾಮುವನ್ನು ಹಳೇ ಸೀರೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡರು. ಅಳುವ ಶಕ್ತಿಯೂ ಅವನಿಗಿರಲಿಲ್ಲ. ಕೈಯಲ್ಲಿದ್ದ ಕೆಂಪು ಸ್ಕೆಚ್ ಪೆನ್ ಮಾತ್ರ ಬಿಟ್ಟಿರಲಿಲ್ಲ.

ಶ್ವೇತ ಗೇಟಿಗೆ ಓಡಿದಳು. “ಎಲ್ಲಿಗೆ ಹೋಗ್ತೀರಾ?”

“ಕೆ.ಆರ್. ಪುರಕ್ಕ, ಮಾಮನ ಶೆಡ್ಡಿಗೆ” ಎಂದಳು ರೇವತಿ.

“ಅಲ್ಲಿ ಜಾಗ ಇದ್ಯಾ?”

“ಒಂದ ಖೋಲಿ. ಮಾಮಗೂ ಮೂರು ಮಕ್ಕಳದಾವ. ಸಣ್ಣದು ಇನ್ನಾ ನಡಿಯಂಗಿಲ್ಲ.” ರೇವತಿ ಬಟ್ಟೆಯ ಚೀಲ ಎತ್ತಿಕೊಂಡಳು. “ನೀನ ಹೇಳಿದಿ, ಹೌದಲ್ಲ?”

ಶ್ವೇತ ಹೌದೆಂದು ತಲೆಯಾಡಿಸಿದಳು. ರೇವತಿ ಗೇಟಿನಾಚೆ ನಿಂತಿದ್ದ ಆಟೊ ಹತ್ತಿದಳು.

ಅಜ್ಜಿ ಅಂಗಳಕ್ಕೆಲ್ಲ ಅರಿಶಿನದ ನೀರು ಚಿಮುಕಿಸುತ್ತ, “ತಿರುಗಿ ನೋಡ್ಬೇಡ, ಒಳಗೆ ಬಾ” ಎಂದು ಕರೆದರು. ಶ್ವೇತ ಹೋಗಲಿಲ್ಲ. ಆಟೊ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ತಿರುಗುವವರೆಗೂ ನೋಡುತ್ತಲೇ ನಿಂತಳು.

ಮೆಟ್ಟಿಲ ಮೇಲೆ ಗಡಿಯಮ್ಮನ ಕಾರ್ಡ್ ಮೀಸೆಯಿಲ್ಲದೆ ಹಾಗೇ ಬಿದ್ದಿತ್ತು. ಶ್ವೇತ ಪೆನ್ಸಿಲ್ ತಂದು ಕುಳಿತಳು. ವೀಕ್‌ನೆಸ್ ಎಂಬ ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದಳು:

‘ಗಡಿ ಆಚೆ ಒಂದು ಮನೆ ಇದೆ. ಮೂರು ಮಕ್ಕಳಿದ್ದಾರೆ. ಸಣ್ಣದು ಇನ್ನೂ ನಡೆಯುವುದಿಲ್ಲ.’